ಗೊಡ್ಡು ಹಸು, ಹಳೇ ಕಾರು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಆರಡಿ ಎತ್ತರದ ಮರದ ಬೇಲಿ. ಮೂರು ವರ್ಷದ ಹಿಂದಿನ ಒಂದು ಗಾಳಿಮಳೆಗೆ ಅದರ ಒಂದು ಹಲಗೆ ಕಳಚಿ ಬಿತ್ತು. ಎರಡೂ ಮನೆಯವರು ಬೇಕೆಂದೇ ಅದನ್ನು ತಿರುಗಿ ಹೊಡೆಯಲಿಲ್ಲ. ಆ ಸಂದಿನಲ್ಲಿ ಈ ಮೂರು ವರ್ಷ ಎಷ್ಟು ಹೀರೇಕಾಯಿ, ಎಷ್ಟು ನಿಂಬೆಹಣ್ಣು, ಎಷ್ಟು ಡಬ್ಬಿ ಮೆಂತ್ಯದ ಹಿಟ್ಟು ಅತ್ತಿಂದಿತ್ತ ಹೋಗಿದೆಯೋ! ಪಕ್ಕದ ಮನೆಯವಳು ಹಾಸನದ ಕಡೆಯ ಹುಡುಗಿ. ಅವಳ ತಾಯಿ ವರ್ಷ ಬಿಟ್ಟು ವರ್ಷ ಆರು ತಿಂಗಳ ಮಟ್ಟಿಗೆ ಕ್ಯಾಲಿಫೋರ್ನಿಯಾದ ನಮ್ಮ ಫ್ರೀಮಾಂಟಿಗೆ ಬರುತ್ತಾರೆ. ಅವರು ಬಂದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಬೇಲಿಯಾಚೆ ಕಾಫಿ ಲೋಟದ ಸದ್ದಾಗುತ್ತದೆ. ನಾನು ಕೈಲಿರುವ ಕೆಲಸ ಬಿಟ್ಟು ಹೊರಗೆ ಹೋಗುತ್ತೇನೆ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ‘ಏನವ್ವಾ’ ಎಂದು ಕರೆಯುವವರು ಈ ಊರಲ್ಲಿ ಅವರೊಬ್ಬರೇ.

ಕಳೆದ ವಸಂತದಲ್ಲಿ ಒಂದು ಬೆಳಿಗ್ಗೆ ಕೇಳಿದರು: “ಯಾಕವ್ವಾ, ನಿಮ್ಮ ಆ ಹಳೇ ಕಾರು ನಾಕು ದಿನದಿಂದ ನಿಂತಲ್ಲೇ ನಿಂತೈತಲ್ಲ? ಕೆಟ್ಟೋಯ್ತಾ?”

“ಕೆಟ್ಟಿಲ್ಲ ಅಮ್ಮ. ಚೆನ್ನಾಗೇ ಓಡತ್ತೆ. ಸ್ಮಾಗ್ ಟೆಸ್ಟಲ್ಲಿ ಫೇಲಾಯ್ತು.”

“ಹಂಗಂದ್ರೆ?”

“ಹೊಗೆ ಪರೀಕ್ಷೆ. ನಮ್ಮಲ್ಲಿ ಪೆಟ್ರೋಲ್ ಬಂಕ್ ಹತ್ರ ಎಮಿಷನ್ ಟೆಸ್ಟ್ ಮಾಡ್ತಾರಲ್ಲ, ಅದೇ.”

“ಓ, ಸೈಲೆನ್ಸರ್‌ಗೆ ಕಡ್ಡಿ ಚುಚ್ಚಿ, ನಂಬರ್ ಪ್ಲೇಟಿನ ಫೋಟೋ ತೆಗೆದು ಚೀಟಿ ಕೊಡ್ತಾರಲ್ಲ, ಅದಾ? ನಮ್ಮ ಹುಡುಗ ಆರು ತಿಂಗಳಿಗೊಂದು ಸಲ ಮಾಡಿಸ್ತಾನೆ. ಅದ್ರಾಗೆ ಫೇಲಾದೋರ್ನ ನಾನಂತೂ ಕಂಡಿಲ್ಲ.”

ಇಲ್ಲಿ ಫೇಲಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಚೆಕ್ ಶುರುವಾಗಿದ್ದು 1984ರಲ್ಲಿ. ಹೊಸ ಕಾರಿಗೆ ಮೊದಲ ಕೆಲವು ವರ್ಷ ರಿಯಾಯಿತಿ, 1975ರ ಮತ್ತು ಅದಕ್ಕಿಂತ ಹಳೆಯ ಮಾದರಿಗಳಿಗೆ ಪೂರ್ತಿ ವಿನಾಯಿತಿ. ಮಿಕ್ಕ ಪೆಟ್ರೋಲ್ ಕಾರುಗಳು ಎರಡು ವರ್ಷಕ್ಕೊಮ್ಮೆ ಪಾಸಾಗಲೇಬೇಕು, ಇಲ್ಲದಿದ್ದರೆ ನೋಂದಣಿ ನವೀಕರಣವಾಗುವುದಿಲ್ಲ. 2000ದಿಂದ ಈಚಿನ ಮಾದರಿಗಳಿಗೆ ಈಗ ಸೈಲೆನ್ಸರಿನ ಬಾಯಿಗೆ ಕೊಳವೆಯನ್ನೂ ಇಡುವುದಿಲ್ಲ. ಸ್ಟೀರಿಂಗಿನ ಕೆಳಗಿರುವ ಪ್ಲಗ್ಗಿಗೆ ವೈರು ಸಿಕ್ಕಿಸಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ. ನಮ್ಮದು ತನ್ನ ರೋಗವನ್ನು ತಾನೇ ಒಪ್ಪಿಕೊಂಡಿತು: ಪಿ0420. ಇಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಈ ನಂಬರು ಗೊತ್ತು. ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ.

ಅಮ್ಮನಿಗೆ ಅದನ್ನು ‘ಹೊಗೆ ತೊಳೆಯೋ ಡಬ್ಬಿ’ ಎಂದು ಹೇಳಿದೆ. ಡಬ್ಬಿಯ ಒಳಗೆ ಜೇನುಗೂಡಿನ ಹಾಗೆ ಸಣ್ಣಸಣ್ಣ ತೂತುಗಳಿರುವ ಪಿಂಗಾಣಿ. ಅದರ ಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಎಂಜಿನ್ನಿಂದ ಬಂದ ಕಾರ್ಬನ್ ಮಾನಾಕ್ಸೈಡು, ಸರಿಯಾಗಿ ಉರಿಯದೆ ಉಳಿದ ಪೆಟ್ರೋಲಿನ ಆವಿ, ನೈಟ್ರೋಜನ್ನಿನ ಆಕ್ಸೈಡುಗಳು ಈ ತೂತುಗಳಲ್ಲಿ ಹಾಯುವಾಗ ಬಹುಪಾಲು ನೀರಾವಿ, ಕಾರ್ಬನ್ ಡೈಆಕ್ಸೈಡು, ನೈಟ್ರೋಜನ್ ಆಗಿ ಮಾರ್ಪಡುತ್ತವೆ. ಡಬ್ಬಿಯ ಮುಂದೊಂದು, ಹಿಂದೊಂದು ಆಮ್ಲಜನಕದ ಸೆನ್ಸರು. ಹಿಂದಿನದು ಮುಂದಿನದರ ಹಾಗೆಯೇ ಏರಿಳಿಯತೊಡಗಿದರೆ, ಡಬ್ಬಿಯೊಳಗೆ ಏನೂ ನಡೆಯುತ್ತಿಲ್ಲ ಎಂದು ಕಂಪ್ಯೂಟರು ತಿಳಿದುಕೊಂಡು ಚೆಕ್ ಎಂಜಿನ್ ದೀಪ ಹಚ್ಚುತ್ತದೆ.

“ಅದೊಂದು ಡಬ್ಬಿ ಬದಲಾಯಿಸಿದ್ರೆ ಆಯ್ತಲ್ಲ?”

ಬದಲಾಯಿಸಬಹುದಿತ್ತು. ಆದರೆ ಈ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಒಪ್ಪಿದ ಕನ್ವರ್ಟರನ್ನೇ ಇಲ್ಲಿ ಹಾಕಬೇಕು, ಅದರ ಬೆಲೆ ಹೆಚ್ಚು. ಆ ಮೂರು ಲೋಹಗಳ ಆಸೆಗೆ ರಾತ್ರಿ ಕಾರಿನಡಿ ನುಸುಳಿ ಗರಗಸದಿಂದ ಕೊಯ್ದುಕೊಂಡು ಹೋಗುವ ಕಳ್ಳರೇ ಹುಟ್ಟಿಕೊಂಡಿದ್ದಾರೆ. ಪ್ರಿಯಸ್ ಕಾರಿನವರಂತೂ ಕೆಲವು ವರ್ಷ ನಿದ್ದೆಗೆಟ್ಟಿದ್ದರು. ಮೆಕ್ಯಾನಿಕ್ ನಮಗೆ ಹೇಳಿದ ಲೆಕ್ಕ 2,300 ಡಾಲರ್. ಕಾರನ್ನು ಮಾರಿದರೂ ಅಷ್ಟು ಬಾರದು. ಎಂಜಿನ್ನೇ ಆಯಿಲ್ ಕುಡಿಯುತ್ತಿರುವುದರಿಂದ ಹೊಸ ಡಬ್ಬಿಯೂ ಬೇಗ ಹಾಳಾದೀತು ಎಂದು ಅವನೇ ಎಚ್ಚರಿಸಿದ. ಆದಾಯ ಕಡಿಮೆ ಇರುವವರಿಗೆ ಈ ರಿಪೇರಿಗೆ ರಾಜ್ಯ ಸರ್ಕಾರ ಸಹಾಯಧನ ಕೊಡುತ್ತದೆ. ಅದು ನಮ್ಮಂಥವರಿಗಾಗಿ ಇಟ್ಟ ದುಡ್ಡಲ್ಲ.

ಈ ಕಾರಿನ ವಿಷಯ ಸ್ವಲ್ಪ ಹೇಳಬೇಕು. 2003ರ ಕೊರೊಲ್ಲಾ. ಬೆಳ್ಳಿ ಬಣ್ಣ. ಇದು ಹುಟ್ಟಿದ್ದೇ ನಮ್ಮೂರಿನಲ್ಲಿ. ಜನರಲ್ ಮೋಟರ್ಸ್ ಮತ್ತು ಟೊಯೋಟಾ ಸೇರಿ 1984ರಿಂದ 2010ರವರೆಗೆ ಫ್ರೀಮಾಂಟಿನಲ್ಲಿ ನಡೆಸಿದ ‘ನಮ್ಮಿ’ ಎಂಬ ಕಾರ್ಖಾನೆಯಲ್ಲಿ. ಅಲ್ಲಿಂದ ಹೊರಬಿದ್ದ ಕೊನೆಯ ಕಾರೂ ಒಂದು ಕೊರೊಲ್ಲಾವೇ, ಕೆಂಪು ಬಣ್ಣದ್ದು. ಅದೇ ಕಟ್ಟಡದಲ್ಲಿ ಈಗ ಟೆಸ್ಲಾ ಕಾರುಗಳು ತಯಾರಾಗುತ್ತವೆ. ನಾವು ಇದನ್ನು ಎರಡು ವರ್ಷ ಹಳೆಯದಾಗಿದ್ದಾಗ ಕೊಂಡು ಲಿವರ್ಮೋರ್ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡಿಸಿದ್ದೆವು. ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಇದರಲ್ಲಿ. ಹದಿನಾರು ತುಂಬಿದಾಗ ಅವಳು ಡ್ರೈವಿಂಗ್ ಕಲಿತದ್ದೂ ಇದರಲ್ಲೇ. ಮೊದಲ ಸಲ ಅಮೆರಿಕಕ್ಕೆ ಬಂದ ನನ್ನ ಅಪ್ಪನನ್ನು ವಿಮಾನ ನಿಲ್ದಾಣದಿಂದ ಕರೆತಂದಾಗ ಮುಂದಿನ ಸೀಟಿನಲ್ಲಿ ಕೂತು, “ಎಡಗಡೆ ಕೂರೋನು ಡ್ರೈವರಾ!” ಎಂದು ದಾರಿಯುದ್ದಕ್ಕೂ ಕಾಲು ಒತ್ತಿ ಹಿಡಿದಿದ್ದರು, ತಮ್ಮ ಕಾಲಡಿಯೇ ಬ್ರೇಕಿದೆಯೇನೋ ಎಂಬಂತೆ.

ಇಂಥದ್ದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಮಾರೋಣವೆಂದರೆ, ಸ್ಮಾಗ್ ಸರ್ಟಿಫಿಕೇಟ್ ಕೊಡುವುದು ಇಲ್ಲಿ ಮಾರುವವರ ಹೊಣೆ. ಅದಿಲ್ಲದ ಕಾರನ್ನು ಅಕ್ಕಪಕ್ಕದವರಿಗೆ ಮಾರುವ ಹಾಗಿಲ್ಲ. ಲೈಸೆನ್ಸ್ ಇರುವ ಡೀಲರಿಗೋ ಕಾರು ಒಡೆಯುವವರಿಗೋ ಕೊಡಬಹುದು, ಅಷ್ಟೆ. ಆಗ ನಮ್ಮವರಿಗೆ ನೆನಪಾಗಿದ್ದು ರೇಡಿಯೋ. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ರೇಡಿಯೋ ಕೇಂದ್ರ ಕೆಕ್ಯುಇಡಿಯನ್ನು ನಾವು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇವೆ, ಹೆಚ್ಚಾಗಿ ಇದೇ ಕಾರಿನಲ್ಲಿ. ಹಳೇ ಕಾರನ್ನು ದಾನವಾಗಿ ತೆಗೆದುಕೊಳ್ಳುತ್ತೇವೆ ಎಂದು ಅವರು ಹೇಳುವುದನ್ನೂ ಇದರ ಸ್ಪೀಕರಿನಲ್ಲೇ ಕೇಳಿದ್ದೆವು. ರೇಡಿಯೋಗಳು, ಬಡವರಿಗೆ ಮನೆ ಕಟ್ಟುವ ಹ್ಯಾಬಿಟಾಟ್ ಸಂಸ್ಥೆ, ಚರ್ಚುಗಳು, ಪ್ರಾಣಿದಯಾ ಸಂಘಗಳು, ಹೀಗೆ ಕಾರಿನ ದಾನ ಸ್ವೀಕರಿಸುವವರು ಇಲ್ಲಿ ಬಹಳ.

“ಇದನ್ನ ದಾನ ಕೊಡೋಣ ಅಂತಿದೀವಿ ಅಮ್ಮ” ಎಂದೆ.

ಅಮ್ಮ ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಹೀರೇ ಬಳ್ಳಿಯ ಕುಡಿಯನ್ನು ಹಂದರಕ್ಕೆ ಸುತ್ತುತ್ತಾ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: “ನೋಡವ್ವಾ, ಬೇಜಾರು ಮಾಡ್ಕೋಬೇಡ. ನಮ್ಮೂರಾಗೆ ಒಬ್ಬರು ಗೊಡ್ಡು ಹಸೂನ ಗುಡಿಗೆ ಬಿಟ್ಟು ಗೋದಾನ ಮಾಡ್ದೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಅದಕ್ಕೆ ಹುಲ್ಲು ಹಾಕೋ ಕಷ್ಟ ಪೂಜಾರಪ್ಪನ ಹೆಂಡ್ತಿ ತಲೆ ಮೇಲೆ ಬಿತ್ತು. ನೀನು ಕೊಡೋದು ಹಂಗಾಗಬಾರದು.”

ಬೇಜಾರಾಗಲಿಲ್ಲ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಅಜ್ಜ ಹೇಳುತ್ತಿದ್ದ ನಚಿಕೇತನ ಕಥೆ ತಲೆಯಲ್ಲಿ ಸುತ್ತತೊಡಗಿತು. ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕೂತ ಹುಡುಗನನ್ನು ಎಲ್ಲರೂ ನೆನೆಯುತ್ತೇವೆ. ಅವನು ಅಲ್ಲಿಗೆ ಹೋಗಬೇಕಾಗಿ ಬಂದದ್ದು ಯಾಕೆಂದು ಅಷ್ಟಾಗಿ ನೆನೆಯುವುದಿಲ್ಲ. ಅಪ್ಪ ಸರ್ವಸ್ವವನ್ನೂ ಕೊಡುವ ಯಾಗಕ್ಕೆ ಕೂತಿದ್ದಾನೆ. ದಕ್ಷಿಣೆಗೆಂದು ಹೊಡೆದುಕೊಂಡು ಹೋಗುತ್ತಿರುವ ಹಸುಗಳು ಇನ್ನು ನೀರು ಕುಡಿಯಲಾರವು, ಹುಲ್ಲು ಮೇಯಲಾರವು, ಹಾಲು ಬತ್ತಿದೆ, ಕರು ಹಾಕುವ ಶಕ್ತಿಯಿಲ್ಲ. ಹುಡುಗನ ಮನಸ್ಸಿಗೆ ಚುಚ್ಚಿದ್ದು ಅದು. ಕಠೋಪನಿಷತ್ತಿನ ಅಷ್ಟೂ ಜ್ಞಾನಕ್ಕೆ ಮೊದಲ ಬಾಗಿಲು, ಕೆಲಸಕ್ಕೆ ಬಾರದ್ದನ್ನು ದಾನವೆಂದು ಕೊಟ್ಟವನ ಎದುರು ಒಬ್ಬ ಮಗನಿಗೆ ಆದ ಸಂಕಟ.

ಮರುದಿನದಿಂದ ಕಾರಿನ ದಾನ ಹೇಗೆ ನಡೆಯುತ್ತದೆಂದು ಓದತೊಡಗಿದೆ. ಫೋನು ಮಾಡಿದರೆ ಟೋ ಟ್ರಕ್ಕು ಮನೆ ಬಾಗಿಲಿಗೆ ಬರುತ್ತದೆ. ಪಿಂಕ್ ಸ್ಲಿಪ್ಪಿಗೆ, ಅಂದರೆ ಕಾರಿನ ಹಕ್ಕುಪತ್ರಕ್ಕೆ, ಸಹಿ ಹಾಕಿ ಕೊಟ್ಟರೆ ಮುಗಿಯಿತು. ಅಲ್ಲಿಂದ ಕಾರು ಸಾಮಾನ್ಯವಾಗಿ ದಾನ ಪಡೆದ ಸಂಸ್ಥೆಗೆ ಹೋಗುವುದೇ ಇಲ್ಲ. ಅದರ ಪರವಾಗಿ ಕೆಲಸ ಮಾಡುವ ಮಧ್ಯವರ್ತಿಯೊಬ್ಬ ಹರಾಜಿಗೆ ಹಾಕುತ್ತಾನೆ. ಬಂದ ದುಡ್ಡಿನಲ್ಲಿ ಸಾಗಣೆ, ಹರಾಜಿನ ಖರ್ಚು, ಅವನ ಪಾಲು ಕಳೆದು ಮಿಕ್ಕದ್ದು ಸಂಸ್ಥೆಗೆ. ಮಧ್ಯವರ್ತಿಗಳಲ್ಲಿ ಲಾಭಕ್ಕಾಗಿ ನಡೆಯುವವರೂ ಇದ್ದಾರೆ, ತಾವೇ ಧರ್ಮಸಂಸ್ಥೆಗಳಾದವರೂ ಇದ್ದಾರೆ. ಎಷ್ಟು ಪಾಲು ನಿಮಗೆ ಸಿಗುತ್ತದೆ ಎಂದು ಕೊಡುವ ಮೊದಲೇ ಸಂಸ್ಥೆಯನ್ನು ಕೇಳಬಹುದು, ಕೇಳಲೇಬೇಕು. ಅದು ಮರ್ಯಾದೆಗೇಡಿನ ಪ್ರಶ್ನೆಯಲ್ಲ. ಸಂಸ್ಥೆ ನಿಜವಾಗಿ ತೆರಿಗೆ ವಿನಾಯಿತಿಯ 501(ಸಿ)(3) ನಿಯಮದ ಅಡಿಯದೇ ಎಂಬುದನ್ನು ಇಲ್ಲಿನ ತೆರಿಗೆ ಇಲಾಖೆ, ಐಆರ್‌ಎಸ್, ಇಟ್ಟಿರುವ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ತೆರಿಗೆಯ ಕಥೆ ಓದಿದಾಗ ನಚಿಕೇತ ಮತ್ತೆ ಎದುರು ನಿಂತ. ಮೊದಲೆಲ್ಲ ಕಾರು ದಾನ ಕೊಟ್ಟವರು ಹಳೇ ಕಾರುಗಳ ಬೆಲೆ ಪುಸ್ತಕದಲ್ಲಿರುವ ಮಾರುಕಟ್ಟೆ ಬೆಲೆಯನ್ನು ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆದು ತೋರಿಸುತ್ತಿದ್ದರು. 2000ನೇ ಇಸವಿಯೊಂದರಲ್ಲೇ ಸುಮಾರು 7,33,000 ಮಂದಿ ತೆರಿಗೆದಾರರು ಹೀಗೆ ಸುಮಾರು 250 ಕೋಟಿ ಡಾಲರ್ ಕಳೆದು ತೋರಿಸಿದ್ದರು. ಅಮೆರಿಕದ ಸಂಸತ್ತಿಗೆ ಲೆಕ್ಕ ಒಪ್ಪಿಸುವ ತಪಾಸಣಾ ಕಚೇರಿ 2003ರ ಕೊನೆಯಲ್ಲಿ ಕೊಟ್ಟ ವರದಿಯಲ್ಲಿ ಇದು ಬಂತು. ಆ ಕಚೇರಿ 54 ಕಾರುಗಳ ಜಾಡು ಹಿಡಿದು ಹೋಗಿ ನೋಡಿತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಕಾರುಗಳ ವಿಷಯದಲ್ಲಿ, ದಾನಿ ಹೇಳಿಕೊಂಡ ಬೆಲೆಯ ಶೇಕಡಾ 5 ಅಥವಾ ಅದಕ್ಕೂ ಕಡಿಮೆ ಸಂಸ್ಥೆಯ ಕೈ ಸೇರಿತ್ತು. ನೂರು ಕೊಟ್ಟೆ ಎಂದವನಿಂದ ನಿಜವಾಗಿ ತಲುಪಿದ್ದು ಐದು! ಓದಿ ನನಗೆ ಬಹಳ ನೋವಾಯಿತು. ಮಿಕ್ಕದ್ದರಲ್ಲಿ ಒಂದು ಭಾಗವನ್ನು ದೇಶದ ಎಲ್ಲ ತೆರಿಗೆದಾರರೂ ಸೇರಿ ತುಂಬಿದ್ದರು ಎಂದೇ ಅರ್ಥ.

2004ರಲ್ಲಿ ಕಾನೂನು ಬದಲಾಯಿತು, 2005ರ ಜನವರಿ 1ರಿಂದ ಜಾರಿಗೆ ಬಂತು. ಈಗ 500 ಡಾಲರಿಗಿಂತ ಹೆಚ್ಚು ಕಳೆದು ತೋರಿಸಬೇಕಾದರೆ, ಸಂಸ್ಥೆ ಆ ಕಾರನ್ನು ನಿಜವಾಗಿ ಎಷ್ಟಕ್ಕೆ ಮಾರಿತೋ ಅಷ್ಟೇ ಲೆಕ್ಕ. ಮಾರಿದ 30 ದಿನದೊಳಗೆ ಅವರು 1098-ಸಿ ಎಂಬ ಫಾರ್ಮಿನಲ್ಲಿ ಆ ಮೊತ್ತವನ್ನು ಬರೆದು ಕಳಿಸುತ್ತಾರೆ. ಮಾರಿದ್ದು 500ಕ್ಕೋ ಅದಕ್ಕೂ ಕಡಿಮೆಗೋ ಆದರೆ, ಕಾರಿನ ನ್ಯಾಯವಾದ ಬೆಲೆ ಮತ್ತು 500, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಸ್ಮಾಗ್ ಫೇಲಾದ ಇಪ್ಪತ್ತು ದಾಟಿದ ಕಾರಿಗೆ ಹೆಚ್ಚಾಗಿ ಅನ್ವಯಿಸುವುದು ಈ ಎರಡನೆಯದೇ. ಇಷ್ಟೂ ಪ್ರಯೋಜನಕ್ಕೆ ಬರುವುದು ಖರ್ಚುಗಳನ್ನು ಒಂದೊಂದಾಗಿ ಬರೆದು ಕಳೆಯುವವರಿಗೆ. 2018ರಿಂದ ಎಲ್ಲರಿಗೂ ಸಿಗುವ ಒಟ್ಟು ವಿನಾಯಿತಿ ದೊಡ್ಡದಾದ ಮೇಲೆ ಹತ್ತರಲ್ಲಿ ಒಂಬತ್ತು ಮಂದಿ ಹಾಗೆ ಬರೆಯುವುದೇ ಇಲ್ಲ, ನಾವೂ ಬರೆಯುವುದಿಲ್ಲ. ನನಗೆ ಈ ಕಾನೂನು ಬಹಳ ಇಷ್ಟವಾಯಿತು. ಕೊಟ್ಟದ್ದರ ಬೆಲೆ, ಪಡೆದವರಿಗೆ ಅದರಿಂದ ಬಂದಷ್ಟೇ. ಅದಕ್ಕಿಂತ ಸರಿಯಾದ ತಕ್ಕಡಿ ಯಾವುದಿದೆ?

ಇದನ್ನೆಲ್ಲ ಬೇಲಿಯ ಸಂದಿನಲ್ಲಿ ಅಮ್ಮನಿಗೆ ಒಪ್ಪಿಸಿದೆ. ಅವರು ಅವರೇಕಾಯಿ ಸುಲಿಯುತ್ತಾ ಕೇಳಿದರು. ಇಂಡಿಯನ್ ಅಂಗಡಿಯಲ್ಲಿ ಫ್ರೀಜ್ ಮಾಡಿದ ಅವರೆಗೆ ಸೊಗಡೇ ಇಲ್ಲವೆಂದು ಮಗಳ ಹಿತ್ತಲಲ್ಲಿ ತಾವೇ ಹಾಕಿದ್ದು.

“ದುಡ್ಡಿನ ದಾರಿ ತಿಳೀತು. ಕಾರಿನ ದಾರಿ ಹೇಳು. ಹರಾಜಾದ ಮೇಲೆ ಅದು ಎಲ್ಲಿಗೆ ಹೋಗ್ತದೆ?”

“ಕೊಂಡೋರು ರಿಪೇರಿ ಮಾಡಿ ಮಾರಬಹುದು. ಇಲ್ಲಾ ಒಡೆದು ಪಾರ್ಟ್ಸ್ ಮಾರಬಹುದು. ಬೇರೆ ಕಡೆಗೂ ಹೋಗಬಹುದು.”

“ಬೇರೆ ಕಡೆ ಅಂದ್ರೆ, ಈ ಹೊಗೆ ಪರೀಕ್ಷೆ ಇಲ್ಲದ ಕಡೆಗಾ?”

ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟು ದಿನ ದುಡ್ಡಿನ ಕಡೆಯಿಂದ ಮಾತ್ರ ಯೋಚಿಸಿದ್ದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಹಳೇ ಕಾರುಗಳ ಬಗ್ಗೆಯೇ ಒಂದು ವರದಿ ಮಾಡಿದೆ. 2015ರಿಂದ 2018ರವರೆಗೆ ಯುರೋಪು, ಜಪಾನು, ಅಮೆರಿಕಗಳಿಂದ ಮುಖ್ಯವಾಗಿ 1.4 ಕೋಟಿ ಬಳಸಿದ ಕಾರುಗಳು ಹೊರದೇಶಗಳಿಗೆ ಹೋಗಿವೆ. ಅವುಗಳಲ್ಲಿ ಶೇಕಡಾ 80ರಷ್ಟು ಇಳಿದದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ಎಲ್ಲಕ್ಕಿಂತ ಹೆಚ್ಚು ಆಫ್ರಿಕಾದಲ್ಲಿ. ನಮ್ಮ ಕೊರೊಲ್ಲಾ ಅಲ್ಲಿಗೆ ಹೋಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಹೋಗಬಹುದಿತ್ತು ಎಂಬುದೇ ಸಾಕಾಯಿತು. ಅಷ್ಟು ದೂರ ಯಾಕೆ? ನಮ್ಮ ಮನೆಯಿಂದ ಓಕ್‌ಲ್ಯಾಂಡಿಗೆ ಹೋಗುವ 880 ಹೆದ್ದಾರಿಯನ್ನೇ ನೋಡಬಹುದು. ಅದಕ್ಕೆ ಸಮಾನಾಂತರವಾಗಿ ಗುಡ್ಡದ ಕಡೆ ಹಾಯುವ 580ರಲ್ಲಿ ಓಕ್‌ಲ್ಯಾಂಡ್ ಭಾಗದಲ್ಲಿ ದೊಡ್ಡ ಲಾರಿಗಳಿಗೆ ಪ್ರವೇಶವಿಲ್ಲ. ಅವೆಲ್ಲ 880ಕ್ಕೆ ಬರುತ್ತವೆ. 880ರ ಪಕ್ಕದ ಬೀದಿಗಳಲ್ಲಿ ಇರುವವರು ಬಡವರು, ಅವರ ಮಕ್ಕಳಲ್ಲಿ ಉಬ್ಬಸ ಹೆಚ್ಚು. ಯಾರ ಹೊಗೆಯನ್ನು ಯಾರು ಉಸಿರಾಡುತ್ತಿದ್ದಾರೆ ಎಂಬುದು ಆ ರಸ್ತೆಯಲ್ಲಿ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ವಿಷಯ ಅಮ್ಮನಿಗೆ ಹೇಳಿದಾಗ ಅವರ ಮುಖ ಅರಳಿತು. 1943ರ ಜುಲೈಯಲ್ಲಿ ಲಾಸ್ ಏಂಜಲೀಸ್ ಊರಿನ ಮೇಲೆ ಕಣ್ಣುರಿಸುವ ಮಬ್ಬು ಕವಿದಾಗ, ಯುದ್ಧಕಾಲವಾದ್ದರಿಂದ ಜಪಾನಿನವರ ವಿಷಾನಿಲವೇ ಇರಬೇಕೆಂದು ಜನ ಹೆದರಿದ್ದರು. ಅದು ಏನೆಂದು ಬಿಡಿಸಿ ಹೇಳಿದವರು ಕ್ಯಾಲ್ಟೆಕ್‌ನ ರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್, ಡಚ್ ಮೂಲದವರು. ಅವರು ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದದ್ದು ಅನಾನಸ್ ಹಣ್ಣಿನ ಪರಿಮಳದ ಮೇಲೆ! ಪರಿಮಳವನ್ನು ಹಿಡಿದು ಬೇರ್ಪಡಿಸುವ ಅದೇ ವಿದ್ಯೆಯಿಂದ ಊರಿನ ಗಾಳಿಯನ್ನು ಹಿಡಿದು ನೋಡಿದರು. ಕಾರುಗಳ ಹೊಗೆಯಲ್ಲಿ, ತೈಲ ಶುದ್ಧೀಕರಣ ಘಟಕಗಳ ಆವಿಯಲ್ಲಿ ಇರುವ ವಸ್ತುಗಳು ಬಿಸಿಲಿಗೆ ಬೆಂದು ಓಜೋನ್ ಆಗುತ್ತಿವೆ ಎಂದು 1950ರ ದಶಕದ ಮೊದಲಲ್ಲಿ ತೋರಿಸಿಕೊಟ್ಟರು. ತೈಲ ಉದ್ಯಮದವರು ಒಪ್ಪಲಿಲ್ಲ. ಹಾಗೆನ್-ಸ್ಮಿಟ್ ಬಿಡಲಿಲ್ಲ. ಮುಂದೆ 1967ರಲ್ಲಿ ಏರ್ ರಿಸೋರ್ಸಸ್ ಬೋರ್ಡ್ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರಾದರು. ನಮ್ಮ ಕಾರನ್ನು ಫೇಲು ಮಾಡಿದ ನಿಯಮದ ಬೇರು ಆ ಅನಾನಸಿನ ಪ್ರಯೋಗಾಲಯದವರೆಗೆ ಹೋಗುತ್ತದೆ.

“ಒಳ್ಳೇ ಮನುಷ್ಯ” ಎಂದರು ಅಮ್ಮ. “ಹಣ್ಣಿನ ವಾಸನೆ ನೋಡ್ತಾ ಕೂತಿದ್ರೂ ಯಾರೂ ಕೇಳ್ತಿರಲಿಲ್ಲ.”

ಕಾರನ್ನು ದಾನ ಮಾಡುವುದೇ ತಪ್ಪೆಂಬ ತೀರ್ಮಾನಕ್ಕೆ ನಾನು ಬರಲಿಲ್ಲ, ಹಾಗೆ ಯಾರೂ ತಿಳಿಯಬಾರದು. ಪೂರ್ವ ತೀರದ ಕಡೆ ಬಹಳ ಚೆಂದದ ಕೆಲಸ ಮಾಡುವವರಿದ್ದಾರೆ. ವರ್ಮಾಂಟಿನಲ್ಲಿ 1996ರಲ್ಲಿ ಶುರುವಾದ ಗುಡ್ ನ್ಯೂಸ್ ಗ್ಯಾರೇಜ್, ಮೇರಿಲ್ಯಾಂಡಿನಲ್ಲಿ 1999ರಿಂದ ಇರುವ ವೆಹಿಕಲ್ಸ್ ಫಾರ್ ಚೇಂಜ್, ಇಂಥವರು ದಾನ ಬಂದ ಕಾರುಗಳಲ್ಲಿ ಗಟ್ಟಿ ಇರುವುದನ್ನು ಆರಿಸಿ, ಸರಿಮಾಡಿ, ಬಸ್ಸೇ ಬಾರದ ಕಡೆ ಕೆಲಸಕ್ಕೆ ಹೋಗಬೇಕಾದ ಬಡ ಕುಟುಂಬಗಳಿಗೆ ಕೊಡುತ್ತಾರೆ. ಮೇರಿಲ್ಯಾಂಡಿನವರು ಜೈಲಿನಿಂದ ಬಿಡುಗಡೆಯಾದವರಿಗೆ ಆ ಗ್ಯಾರೇಜಿನಲ್ಲೇ ಮೆಕ್ಯಾನಿಕ್ ಕೆಲಸ ಕಲಿಸುತ್ತಾರೆ. ಸೆನ್ಸರೋ ಪೆಟ್ರೋಲ್ ಟ್ಯಾಂಕಿನ ಮುಚ್ಚಳವೋ ಹಾಳಾಗಿ ಫೇಲಾದ, ಮೈ ಗಟ್ಟಿಯಿರುವ ಕಾರು ನಮ್ಮದಾಗಿದ್ದರೆ ನಾನು ಅಂಥವರನ್ನೇ ಹುಡುಕಿಕೊಂಡು ಹೋಗುತ್ತಿದ್ದೆ. ಅಲ್ಲಿ ಅದು ಕರೆಯುವ ಹಸುವೇ. ಸ್ವಲ್ಪ ಕಾಯಿಲೆ ಬಿದ್ದಿದೆ, ಅಷ್ಟೆ. ನಮ್ಮದು ಹಾಗಲ್ಲ. ನಮ್ಮದರ ಎಂಜಿನ್ನೇ ಸೋತಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ರಾಜ್ಯ ಸರ್ಕಾರದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರಿಯಲ್ಲಿ. ಸ್ಮಾಗ್ ಫೇಲಾದ ಕಾರನ್ನು ರಸ್ತೆಯಿಂದ ಶಾಶ್ವತವಾಗಿ ತೆಗೆದುಹಾಕಲು ಒಪ್ಪಿದರೆ ಅವರು ಸಾವಿರ ಡಾಲರಿಗೂ ಹೆಚ್ಚು ಕೊಡುತ್ತಾರೆ, ಆದಾಯ ಕಡಿಮೆ ಇರುವವರಿಗೆ ಇನ್ನೂ ಜಾಸ್ತಿ. ಷರತ್ತುಗಳಿವೆ. ಕಾರು ಈ ರಾಜ್ಯದಲ್ಲೇ ಬಿಟ್ಟೂಬಿಡದೆ ನೋಂದಣಿಯಲ್ಲಿರಬೇಕು. ಹಕ್ಕುಪತ್ರ ಅರ್ಜಿದಾರರ ಹೆಸರಿನಲ್ಲಿರಬೇಕು. ಒಪ್ಪಿಗೆಯ ಪತ್ರ ಬರುವ ಮೊದಲೇ ಗುಜರಿಗೆ ಹಾಕಿಬಿಟ್ಟರೆ ಏನೂ ಸಿಗದು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಕಾರು ತನ್ನ ಚಕ್ರದ ಮೇಲೆ ತಾನೇ ಓಡಿಕೊಂಡು ಒಡೆಯುವ ಅಂಗಳಕ್ಕೆ ಬರಬೇಕು ಎಂಬ ಷರತ್ತು. ರಸ್ತೆಯ ಮೇಲೆ ಹೊಗೆ ಬಿಡುತ್ತಿರುವ ಕಾರನ್ನು ತೆಗೆಯುವುದಕ್ಕೆ ಇಟ್ಟ ಹಣವಾದ್ದರಿಂದ ಮೂಲೆಯಲ್ಲಿ ತುಕ್ಕು ಹಿಡಿದದ್ದು ಅವರಿಗೆ ಬೇಡ.

ನಮ್ಮವರು ಒಂದು ಕಾಗದದ ಮೇಲೆ ಎರಡು ಸಾಲು ಬರೆದು ತೋರಿಸಿದರು. ದಾನ ಕೊಟ್ಟರೆ ಹರಾಜಿನಲ್ಲಿ ನಾಲ್ಕೈದು ನೂರು ಬರಬಹುದು, ಅದರಲ್ಲಿ ಖರ್ಚು ಹೋಗಿ ಸಂಸ್ಥೆಗೆ ಸೇರುವುದು ಇನ್ನೂ ಕಡಿಮೆ, ಕಾರಿನ ಗತಿ ತಿಳಿಯದು. ಸರ್ಕಾರಕ್ಕೆ ಒಪ್ಪಿಸಿ ಬಂದ ದುಡ್ಡನ್ನು ಪೂರ್ತಿಯಾಗಿ ಸಂಸ್ಥೆಗೆ ಕಳಿಸಿದರೆ ಸಾವಿರದ ಮೇಲೆ, ಹೊಗೆಯೂ ನಿಲ್ಲುತ್ತದೆ. ನೋಡಿ ಇಬ್ಬರೂ ಸುಮ್ಮನಾದೆವು. ಇನ್ನು ಮಾತನಾಡುವುದಕ್ಕೆ ಉಳಿದಿದ್ದದ್ದು ಯಾವ ಸಂಸ್ಥೆಗೆ ಎಂಬುದೊಂದೇ. ಅದನ್ನು ಅಮ್ಮನೇ ಹೇಳಲಿ ಎಂದು ಬೇಲಿಗೆ ಹೋದೆ.

“ಅನ್ನಕ್ಕೆ ಕೊಡವ್ವಾ” ಎಂದರು. ಅಲಮೇಡಾ ಕೌಂಟಿಯ ಫುಡ್ ಬ್ಯಾಂಕ್ ಇದೆಯಲ್ಲ, ಅಲ್ಲಿಗೆ ಎಂದು ಗೊತ್ತಾಯಿತು.

ಈ ನಡುವೆ ಸನ್ನಿವೇಲಿನ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಹೇಳದೆ ಇರಲಾರೆ, ಯಾರಿಗಾದರೂ ಉಪಯೋಗವಾದೀತು. ಅವಳು ತನ್ನ ಕಾರನ್ನು ಕೊಟ್ಟಾಗ ಹಕ್ಕುಪತ್ರಕ್ಕೆ ಸಹಿ ಹಾಕಿ, ಕೊಂಡವರ ಜಾಗ ಖಾಲಿ ಬಿಟ್ಟು ಕೊಟ್ಟಿದ್ದಳು. ಮೂರು ತಿಂಗಳ ಮೇಲೆ ಅವಳು ಕಂಡೇ ಇರದ ಊರಿನಿಂದ ಪಾರ್ಕಿಂಗ್ ದಂಡದ ನೋಟೀಸು ಅವಳ ಹೆಸರಿಗೆ ಬಂತು. ಈ ರಾಜ್ಯದಲ್ಲಿ ನಂಬರ್ ಪ್ಲೇಟು ಕಾರಿನ ಜೊತೆಗೇ ಹೋಗುತ್ತದೆ. ಆದ್ದರಿಂದ ಕಾರು ಕೈಬಿಟ್ಟ ಐದು ದಿನದೊಳಗೆ ‘ಇನ್ನು ಇದರ ಹೊಣೆ ನನ್ನದಲ್ಲ’ ಎಂಬ ರಿಲೀಸ್ ಆಫ್ ಲಯಬಿಲಿಟಿ ಫಾರ್ಮನ್ನು ವಾಹನ ನೋಂದಣಿ ಇಲಾಖೆ ಡಿಎಂವಿಗೆ ಕಳಿಸಬೇಕು. ಪತ್ರದಲ್ಲಿ ಪಡೆದವರ ಹೆಸರು ತುಂಬಿಸಬೇಕು, ಅದರ ಒಂದು ನಕಲು ಇಟ್ಟುಕೊಳ್ಳಬೇಕು. ಸೇತುವೆಯ ಸುಂಕಕ್ಕೆ ಗಾಜಿಗೆ ಅಂಟಿಸಿರುವ ಫಾಸ್ಟ್ರ್ಯಾಕ್ ಡಬ್ಬಿಯನ್ನು ಕಿತ್ತಿಟ್ಟುಕೊಳ್ಳಬೇಕು. ದಾನವಾಗಲಿ ಮಾರಾಟವಾಗಲಿ ಇವಿಷ್ಟು ತಪ್ಪಿಸಬಾರದು.

ಒಪ್ಪಿಗೆಯ ಪತ್ರ ಬರಲು ವಾರಗಳೇ ಹಿಡಿದವು. ಅಷ್ಟರಲ್ಲಿ ಅಮ್ಮ ಊರಿಗೆ ಹೊರಡುವ ದಿನ ಹತ್ತಿರವಾಯಿತು. ಕಾರು ಕೊಡುವ ಹಿಂದಿನ ಸಂಜೆ ಮಗಳು ಕಾಲೇಜಿನಿಂದ ಬಂದು ಸೀಟುಗಳ ಸಂದಿಗೆಲ್ಲ ಕೈ ಹಾಕಿ ಹುಡುಕಿದಳು. ಒಂದು ಕ್ರಯಾನ್, ಎರಡು ಪೆನ್ನಿ, ಮುರಿದ ಹೇರ್ ಕ್ಲಿಪ್ಪು, ನನ್ನ ಅಪ್ಪ ತಿನ್ನುತ್ತಿದ್ದ ಶುಂಠಿ ಪೆಪ್ಪರಮೆಂಟಿನ ಕಾಗದ ಸಿಕ್ಕಿದವು. ಕಾಗದವನ್ನು ನಾನು ಇಟ್ಟುಕೊಂಡೆ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಅಮ್ಮ ಬೇಲಿಯ ಸಂದಿನಲ್ಲಿ ಬರಲಿಲ್ಲ. ರಸ್ತೆಯ ಕಡೆಯಿಂದ ಸುತ್ತಿಕೊಂಡು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ನೇರ ಕಾರಿನ ಮುಂದೆ ಬಂದು ನಿಂತರು.

“ಮನೆ ಬಿಟ್ಟು ಹೋಗೋ ದನಕ್ಕೂ ಹಣೆಗೆ ಇಟ್ಟೇ ಕಳಿಸೋದು ನಾವು” ಎಂದು ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ಉದ್ದಕ್ಕೆ ಎಳೆದರು. ಒಂದು ಚಿಟಿಕೆ ಗಾಜಿಗೂ ಹಚ್ಚಿದರು. ಮಗಳು ಅತ್ತಳು. ನನ್ನವರು ಸ್ಟೀರಿಂಗಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ಕೂತಿದ್ದು, ಆಮೇಲೆ ಸ್ಟಾರ್ಟ್ ಮಾಡಿದರು. ಒಂದೇ ಸಲಕ್ಕೆ ಸ್ಟಾರ್ಟಾಯಿತು.

880ರಲ್ಲೇ ಹೋದೆವು. ರೇಡಿಯೋ ಹಾಕಿದ್ದೆವು. ಅಂಗಳದಲ್ಲಿ ನೀಲಿ ಕೋಟಿನವನೊಬ್ಬ ಬಂದು ಬಾಗಿಲು, ದೀಪ, ಬಂಪರು ಎಲ್ಲ ನೋಡಿ, ಮುಂದೆ ಹಿಂದೆ ಓಡಿಸಿ ತೋರಿಸಲು ಹೇಳಿದ. ಕಾಗದಕ್ಕೆ ಸಹಿಯಾಯಿತು. ಇನ್ನು ಇದನ್ನು ಯಾರೂ ಓಡಿಸುವ ಹಾಗಿಲ್ಲ ತಾನೇ ಎಂದು ಕೇಳಿದೆ. “ಯಾರೂ ಇಲ್ಲ ಮೇಡಂ, ಎಂದೂ ಇಲ್ಲ” ಎಂದ. ಆಮೇಲೆ ದಪ್ಪನೆಯ ಹಳದಿ ಮಾರ್ಕರ್ ತೆಗೆದು ಗಾಜಿನ ಮೇಲೆ ಸಾಲಿನ ನಂಬರು ಬರೆಯಲು ಬಾಗಿದ. ಕುಂಕುಮ ಕಂಡು ಕೈ ತಡೆದು, ಏನಿದು ಎಂದು ಕಣ್ಣಲ್ಲೇ ಕೇಳಿದ. ನಮ್ಮ ಮನೆಯ ಹಿರಿಯರು ಇಟ್ಟದ್ದು ಎಂದೆ.

ಅವನು ತಲೆಯಾಡಿಸಿ, ಅದು ಅಳಿಸದ ಹಾಗೆ ಪಕ್ಕಕ್ಕೆ ಸರಿದು ನಂಬರು ಬರೆದ.